ತೂಕಕ್ಕ ಹತ್ತಿದವರಿಗೆ ಬೆಲ್ಲ

ಇದನ್ನ ನೀವು ನಂಬಂಗಿಲ್ಲ, ಮದಲ ಹೇಳಿಬಿಡತೇನಿ. ಒಂದು ಊರಿನ ಮಂದಿ ಬೆಲ್ಲದ ಆಸೆಗಿ ಮೂರ್ಮೂರು ಸೀರಿ ಉಟ್ಟು, ಉಡ್ಯಾಗ ಕಲ್ಲ ಕಟ್ಕೊಂಡು, ಮೈ ತೂಕಾ ಹೆಚ್ಚಿಗಿ ಮಾಡ್ಕೊಂಡ್ರು. ಆ ತೂಕಾ ನೋಡಿ ಒಬ್ಬರು ದೊಡ್ಡ ಪ್ರೊಫೆಸರ್ ಸಾಹೇಬರು ಹೊಸಾ ವಿಜ್ಞಾನ ಸಿಕ್ತು ಅಂತ ಖುಷಿ ಆದ್ರು. ಅದಕ್ಕೆಲ್ಲಾ ಕಾರಣ ಆದಾಕಿ ನಾನು. ನಮ್ಮ ಹಾಸ್ಟೆಲ್ ಹುಡುಗ್ಯಾರು ಯಾರೂ ನಂಬಲಿಲ್ಲ. ನೀವು ಅರ್ಧಾ ನಂಬಿದ್ರ ಸಾಕು, ಉಳದರ್ಧಾ ನಾ ಎಳದದ್ದು ಅಂತ ತಿಳ್ಕೋರಿ. ಯಾವ ಅರ್ಧಾ ಅಂತ ಮಾತ್ರ ಕೇಳಬ್ಯಾಡ್ರಿ.

ನೆನಪಾಗಿದ್ದು ಮೊನ್ನೆ. ನಮ್ಮ ರೂಮಿನ ಹುಡುಗಿಗಿ ಅವರ ಮಾಮಾ ಗೋಕಾಕದ ಕರದಂಟು ಕಳಿಸಿದ್ದಾ. ಆಕಿ ಡಬ್ಬಿ ಮುಚ್ಚಳಾ ತಗದ್ಲು. ತುಪ್ಪದಾಗ ಕರದ ಅಂಟು, ಕೊಬ್ರಿ, ಬೆಲ್ಲದ ಪಾಕ, ಎಲ್ಲಾ ಕೂಡಿದ ವಾಸನಿ ರೂಮ್ ತುಂಬ ಹೊಕ್ತು. ಬ್ಯಾರೇದವರಿಗಿ ಅದು ಸಿಹಿ ವಾಸನಿ. ನನಗ ಅದು ನಮ್ಮಪ್ಪನ ವಾಸನಿ. ಅವನ ಅಂಗಿ, ಅವನ ಗಾಡಿ, ಅವನ ಸಿಟ್ಟು, ಎಲ್ಲಾದಕ್ಕೂ ಅದ ವಾಸನಿ. ಈ ಸಲಾ ಕಾಲೇಜು ಚಾಲೂ ಆದಾಗ ನನ್ನ ಟ್ರಂಕ್ ಹೆಗಲ ಮ್ಯಾಲ ಇಟ್ಕೊಂಡು ಮೂರು ಮಾಳಿಗಿ ಹತ್ತಿ ಇದ ರೂಮಿಗಿ ಬಿಟ್ಟು ಹೋಗ್ಯಾನ. ಹಾಸಿಗಿ ಮ್ಯಾಲ ಎರಡು ದಿನಾ ವಾಸನಿ ಇತ್ತು.

"ತಗೋ ಪಲ್ಲು," ಅಂದ್ಲು ಹುಡುಗಿ. ನಾ ಒಂದ ತುಂಡು ತಗೊಂಡ್ನಿ. ಒಂದ. ಇದನ್ನ ಯಾಕ ಎತ್ತಿ ಹೇಳಿದ್ನಿ ಅಂತ ಕಡೀಕ ತಿಳಿತೈತಿ.

ಅದು ಹೋದ ವರ್ಷದ ಮಳಿಗಾಲ. ನಂದು ಪಿಯುಸಿ ಮುಗದಿತ್ತು. ಮೆಡಿಕಲ್ ಪರೀಕ್ಷಾ ನನ್ನ ಮಾರಿ ಸೈತ ನೋಡದ ಹೋಗಿತ್ತು. ಮುಂದ ಏನು ಅಂತ ಯಾರಿಗೂ ಗೊತ್ತಿಲ್ಲದ್ದಕ್ಕ ನಾ ಮನ್ಯಾಗ ಖಾಲಿ ಇದ್ನಿ. ಪೂರಾ ಖಾಲಿ ಅಂತ ಅನ್ನಾಕ ಬರಂಗಿಲ್ಲ. ಗೋಕಾಕದಾಗ ನಮ್ಮದು ಮುಂದ ಮನಿ, ಹಿಂದ ಕರದಂಟಿನ ಭಟ್ಟಿ. ದೊಡ್ಡ ಪರಾತದಾಗ ಕರದಂಟು ಹೊಯ್ದು, ಆರಿದ ಮ್ಯಾಲ ಚೌಕ ಚೌಕ ಕೊಯ್ತಾರ. ಚೌಕಕ್ಕ ಬರಲಾರದ ಅಂಚಿನ ಚೂರು ಉಳಿತಾವ. ಅವನ್ನ ಮಾರಾಕ ಬರಂಗಿಲ್ಲ. ಅವು ಹಾಳಾಗದಂಗ ನೋಡ್ಕೊಳ್ಳೂದು ನನ್ನ ಜವಾಬ್ದಾರಿ. ಅಪ್ಪಾ ರುಚಿ ನೋಡತೇನಿ ಅಂತ ಮದಲ ಒಂದು ಮುಟಗಿ ತಗೋತಿದ್ದಾ, ಉಳದದ್ದು ನನ್ನ ಪಾಲಿಗಿ. ಆ ನೌಕರಿ ನಾ ಒಂದು ದಿನಾನೂ ತಪ್ಪಿಸಿಲ್ಲ.

ಮಳಿ ಹಿಡಕೊಂಡಿತ್ತು. ಘಟಪ್ರಭಾ ಕೆಂಪಗಾಗಿ ದಂಡಿ ತುಂಬ ಹರಿಯಾಕತ್ತಿತ್ತು. ಫಾಲ್ಸ್ ನೋಡಾಕ ಬಂದ ಮಂದಿ ತೊಯ್ಸಿಕೊಂಡು, ನಡುಗಕೋತ ಬಂದು ಕರದಂಟು ಒಯ್ತಿದ್ರು. ಅಂಥಾ ಒಂದು ಮುಂಜಾನಿ ಮೂಡಲಗಿಯಿಂದ ಪ್ರತಿಭಾಕ್ಕ ಬಂದು ಇಳದ್ಲು. ನಮ್ಮವ್ವನ ಅಕ್ಕನ ಮಗಳು. ಪಿಎಚ್‌ಡಿ ಮಾಡಾಕತ್ತಿದ್ಲು. ಒಂದು ಚೀಲದಾಗ ಲ್ಯಾಪ್‌ಟಾಪ್, ಇನ್ನೊಂದರಾಗ ಗಾಜಿನ ತೂಕದ ಮಷೀನು, ಬಿಪಿ ಮಷೀನು, ಬೆರಳಿಗಿ ಸೂಜಿ ಚುಚ್ಚಿ ಸಕ್ಕರಿ ನೋಡೂ ಮಷೀನು, ಸಿಂಪಿಗ್ಯಾನ ಹಂತೇಕ ಇರತೈತಲ್ಲ ಅಂಥಾದ್ದೊಂದು ಟೇಪು. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ಕಡೆ ಊರೂರು ತಿರಗಿ ಮಂದಿ ಅಳತಿ ತಗೋಬೇಕಂತ. ಮೂರಕ್ಕೂ ನಡುವ ಇರೂದು ನಮ್ಮ ಮನಿ.

ಊಟಕ್ಕ ಕುಂತಾಗ ಅಪ್ಪಾ ಕೇಳಿದಾ. "ಅಂದ್ರ ಏನವಾ ಪ್ರತಿಭಾ, ನಮ್ಮ ಹೊಟ್ಟಿ ಕಂಪ್ಯೂಟರಿನ್ಯಾಗ ಹಾಕತಿ?"

"ಹೊಟ್ಟಿ ಅಲ್ರಿ ಕಾಕಾ. ಹೊಟ್ಟಿ ಹಿಂದಿನ ಲೆಕ್ಕ."

ಊಟ ಆದ ಮ್ಯಾಲ ಲ್ಯಾಪ್‌ಟಾಪ್ ತಗದು ತೋರಿಸಿದ್ಲು. ಪರದೆ ತುಂಬ ಚುಕ್ಕಿ. ಅಡ್ಡಕ ಸಾಲಾಗಿ ಲಕ್ಷಾಂತರ ಚುಕ್ಕಿ, ಒಂದೊಂದು ಕಡೆ ಗುಡ್ಡದಂಗ ಮ್ಯಾಲ ಎದ್ದಿದ್ವು. ಹೆಸರು ಇಲ್ಲದ ಸಾವಿರಾರು ಮಂದಿ ಜೀನು, ಅಂದ್ರ ಅವ್ವ ಅಪ್ಪನಿಂದ ಬಂದ ಗುಣದ ಬರಹ, ಯಾರೋ ಮದಲ ಕೂಡಿಸಿಟ್ಟಾರಂತ. ಒಂದು ಚಿತ್ರ ಮೈ ದಪ್ಪ ಆಗೂದರದ್ದು, ಒಂದು ಸಕ್ಕರಿ ಬ್ಯಾನಿದು, ಒಂದು ಬಿಪಿದು. ಮೂರೂ ಒಂದರ ಮ್ಯಾಲ ಒಂದು ಇಟ್ರ, ಕೆಲವು ಗುಡ್ಡ ಒಂದ ಜಾಗಾದಾಗ ಏಳತಾವ. ಆ ಜಾಗಾ ಹುಡುಕೂದು ಆಕಿ ಕೆಲಸಾ. ಆ ಮೂರೂ ನಮ್ಮ ಕಡೆ ಮನಿ ಮನ್ಯಾಗ ಖರೇನ ಕೂಡಿ ಬರತಾವೇನು ಅಂತ ನೋಡಾಕ ಈ ಅಳತಿ.

ಅಪ್ಪಾ ಕಣ್ಣ ಸಣ್ಣ ಮಾಡಿ ನೋಡಿ, "ಮಳ್ಯಾಗಿನ ಟಿವಿ ಕಂಡಂಗ ಕಾಣತೈತಿ," ಅಂದಾ.

ಅಕ್ಕ ಬಾಜೂಕಿನ ಡಬ್ಬಿಯಿಂದ ಒಂದು ತುಂಡು ಕರದಂಟು ತಗದ್ಲು. "ಹಿಂಗ ತಿಳ್ಕೋರಿ ಕಾಕಾ. ಇದರಾಗ ಗೋಡಂಬಿ ಬ್ಯಾರೆ, ಕೊಬ್ರಿ ಬ್ಯಾರೆ, ಉತ್ತತ್ತಿ ಬ್ಯಾರೆ. ಆದ್ರ ಒಂದು ಎಳದ್ರ ಇನ್ನೊಂದು ಕೂಡ ಬರತೈತಿ. ಯಾಕ? ನಡುವ ಪಾಕ ಐತಿ. ಬೊಜ್ಜು, ಸಕ್ಕರಿ, ಬಿಪಿ, ಇವೂ ಹಂಗ. ಬ್ಯಾರೆ ಬ್ಯಾರೆ ಬ್ಯಾನಿ, ಆದ್ರ ಕೂಡ ಬರತಾವ. ನಡುವಿನ ಪಾಕ ಯಾವ ಜೀನಿನ್ಯಾಗ ಐತಿ ಅಂತ ನೋಡಾಕತ್ತೇನಿ."

"ಅಂದ್ರ ರಕ್ತದಾಗ ಬಂದದ್ದು," ಅಂದಾ ಅಪ್ಪಾ, ಕೋರ್ಟಿನ್ಯಾಗ ಕೇಸ್ ಗೆದ್ದವರಂಗ.

"ಸ್ವಲ್ಪ ರಕ್ತದಾಗ, ಸ್ವಲ್ಪ ತಾಟಿನ್ಯಾಗ. ಮತ್ತ ಇದು ಸಾವಿರ ಮಂದಿ ಕೂಡಿದಾಗ ಹೇಳೂ ಮಾತು. ಒಬ್ಬರನ್ನ ನಿಲ್ಲಿಸಿ ನಿನ್ನ ಹಣೆಬರಹ ಇದು ಅನ್ನಾಕ ಬರಂಗಿಲ್ಲ."

ಅಪ್ಪಾ ಆ ಎರಡನೇ ಮಾತು ಕೇಳಿಸ್ಕೊಳ್ಳಲಿಲ್ಲ. ನಮ್ಮಪ್ಪಂದು ಮೈ ಹೆಂಗ ಐತಿ ಅಂದ್ರ, ಅವಾ ಬಾಗಿಲದಾಗ ನಿಂತ್ರ ಒಳಗ ಇದ್ದವರಿಗಿ ಕರೆಂಟ್ ಹೋದಂಗ ಆಗತಿತ್ತು. ಅವರಪ್ಪಂದೂ ಅದ ಮೈ. ಆ ಅಜ್ಜಗ ಸಕ್ಕರಿ ಬ್ಯಾನಿ ಇತ್ತು. ಅಪ್ಪಾ ಎಂದೂ ತೂಕಕ್ಕ ಹತ್ತಿದಾವಲ್ಲ, ಎಂದೂ ಬೆರಳು ಕೊಟ್ಟಾವಲ್ಲ. ಕೇಳಿದ್ರ ಒಂದ ಉತ್ತರ. "ರಕ್ತದಾಗ ಬಂದದ್ದಕ್ಕ ರಕ್ತಾನ ಏನ ಕೇಳೂದು?"

ಆದ್ರ ಆ ವರ್ಷ ಅವನ ಹಿಮ್ಮಡಕ್ಕ ಬೆಲ್ಲದ ಡಬ್ಬಿ ತಗಡು ಕೊಯ್ದು ತಿಂಗಳ ಮ್ಯಾಲ ಆಗಿತ್ತು. ಗಾಯ ಮಾಯವಲ್ದಾಗಿತ್ತು. ಅರಿವಿ ಸುತ್ತಿ, ಅದರ ಮ್ಯಾಲ ಚಪ್ಪಲಿ ಮೆಟ್ಟಿ ಅಡ್ಡಾಡತಿದ್ದಾ. ತಂಬಗಿ ಮ್ಯಾಲ ತಂಬಗಿ ನೀರು ಕುಡಿತಿದ್ದಾ. ಅವ್ವ ಇದನ್ನ ನೋಡ್ಕೋತ ಸುಮ್ಮನ ಇದ್ಲು. ಪ್ರತಿಭಾಕ್ಕ ಬಂದ ದಿನಾನ ಅಡಗಿಮನ್ಯಾಗ ಆಕಿ ಕೂಡ ಕರಾರು ಮಾಡ್ಕೊಂಡ್ಲು.

"ಎಷ್ಟ ದಿನಾ ಬೇಕಾದ್ರೂ ಇರು. ಉಣ್ಣಾಕ ಹಾಕತೇನಿ, ಡಬ್ಬಿ ಕಟ್ಟತೇನಿ, ಈ ಪಲ್ಲಿನೂ ಕೂಡ ಕರಕೊಂಡು ಹೋಗು, ಮನ್ಯಾಗ ಸುಮ್ಮನ ತಿಂತಾಳ. ನೀ ಹೋಗೂದರೊಳಗ ನಿಮ್ಮ ಕಾಕಾನ ಬೆರಳಿಗಿ ಒಂದ ಸೂಜಿ ಚುಚ್ಚಿ ಹೋಗು. ಮತ್ತೇನೂ ಬ್ಯಾಡ."

ಹಿಂಗ ನಾ ವಿಜ್ಞಾನಿ ಆದ್ನಿ.

ಮದಲ ಹೋಗಿದ್ದು ಹುಕ್ಕೇರಿಗಿ, ನಮ್ಮ ಅತ್ತಿ ಮನಿಗಿ. ಅಪ್ಪನ ಅಕ್ಕ. ಆಕಿಗೂ ಸಕ್ಕರಿ ಐತಿ. ಫ್ರಿಜ್ಜಿನ್ಯಾಗ ದ್ವಾಸಿ ಹಿಟ್ಟಿನ ಬಾಜೂಕ ಇನ್ಸುಲಿನ್ ಇಟ್ಟಿರತಾಳ. ತಾನ ಚುಚ್ಕೋತಾಳ, ಚುಚ್ಕೋಂತ ಟಿವಿ ನೋಡತಾಳ. ಪ್ರತಿಭಾಕ್ಕ ಮೂರು ತಲಿಮಾರಿನ ಬ್ಯಾನಿ ಬರಿಯಾಕ ಕುಂತ್ಲು. ಅತ್ತಿ ಹೇಳಿದ್ಲು.

"ನಮ್ಮಪ್ಪಂದು ಒಂದು ಸಣ್ಣ ಗಾಯ ಇತ್ತವಾ, ಬೆರಳ ಸಂದಿನ್ಯಾಗ. ಅವಾ ತೋರಿಸಲಿಲ್ಲ. ಮದಲ ಬೆರಳು ತಗದ್ರು, ಆಮ್ಯಾಲ ಪಾದ, ಆಮ್ಯಾಲ ಮೊಣಕಾಲ ತನಕ. ಹಿಂಗ ಒಬ್ಬ ಮನಷ್ಯಾ ಕಂತಿನ್ಯಾಗ ಹೋದಾ."

ಅಕ್ಕ ಬರಿಯೂದು ಬಿಟ್ಟು ನನ್ನ ಮಾರಿ ನೋಡಿದ್ಲು. ನಾ ಚುನಮರಿ ತಿನ್ನಾಕತ್ತಿದ್ನಿ.

"ನಿಮ್ಮಪ್ಪ ಎಂಟು ವರ್ಷದವಾ ಇದ್ದಾಗ ಟೈಫಾಯಿಡ್ ಆಗಿತ್ತು," ಅಂದ್ಲು ಅತ್ತಿ, ನನ್ನ ಕಡೆ ತಿರಗಿ. "ಬದಕಿದ್ರ ತುಲಾಭಾರ ಮಾಡಸ್ತೇನಿ ಅಂತ ನಮ್ಮವ್ವ ಹರಕಿ ಹೊತ್ತಿದ್ಲು. ಅವನ ತೂಕದಷ್ಟು ಬೆಲ್ಲ ದೇವರಿಗಿ. ತಕ್ಕಡಿ ಒಂದು ಕಡೆ ಅವಾ, ಒಂದು ಕಡೆ ಬೆಲ್ಲ. ತಂದದ್ದು ಸಾಲಲಿಲ್ಲ. ಬ್ಯಾನಿ ಬಿದ್ದ ಹುಡುಗ ಇಷ್ಟ ತೂಗತಾನ ಅಂತ ಯಾರ ಅನ್ಕೊಂಡಿದ್ರು? ಓಣಿ ಮಂದಿ ಮನಿ ಮನಿ ಬೆಲ್ಲ ತಂದು ಹಾಕಿದ್ರು. ಅದ ಕಡೀ. ಆಮ್ಯಾಲ ಅವಾ ತಕ್ಕಡಿ ಕಂಡ್ರ ಓಡಿ ಹೋಗತಿದ್ದಾ."

ಈ ಬೆಲ್ಲದ ಮಾತು ನೆನಪಿಟ್ಕೋರಿ. ನಾನೂ ನೆನಪಿಟ್ಕೊಂಡ್ನಿ, ಅದ ತಪ್ಪಾತು.

ಆಮ್ಯಾಲ ಕೌಜಲಗಿ, ನಾಗನೂರ. ದಿನಾ ಬಸ್ಸು, ದಿನಾ ರಾಡಿ, ಛತ್ರಿ ಒಂದು, ನಾವು ಇಬ್ಬರು. ಕೌಜಲಗ್ಯಾಗ ಒಬ್ಬರು ರಿಟೈರ್ ಆದ ಮಾಸ್ತರು ತೂಕ ನೋಡಿ ಮಷೀನು ಸುಳ್ಳ ಹೇಳತೈತಿ ಅಂದ್ರು. ಇಳದು, ಬಾಯಾಗಿನ ಎಲಿ ಅಡಕಿ ಉಗುಳಿ, ಮತ್ತ ಹತ್ತಿದ್ರು. ಅಷ್ಟ ಬಂತು. ಕನ್ನಡಕಾ ತಗದು ಮತ್ತ ಹತ್ತಿದ್ರು. ಈಗ ಅವರಿಗಿ ಅಂಕಿ ಕಾಣಲಿಲ್ಲ, ಅದಕ್ಕ ಸಮಾಧಾನ ಆದ್ರು. ನಾಗನೂರಾಗ ಒಬ್ಬಾಕಿ ಅತ್ತಿ, ಸೊಸಿ ಟೇಪಿನ ಅಳತಿ ಕೊಡಾಕತ್ತಾಗ ಬಗ್ಗಿ ಕೇಳಿದ್ಲು. "ನಾ ಇಲ್ಲದಾಗ ಇಕಿ ಏನೇನ ತಿಂತಾಳ ಅನ್ನೂದೂ ಇದರಾಗ ಬರತೈತೇನವಾ?"

ನನ್ನ ಕೆಲಸಾ ತೂಕಾ ನೋಡಿ ಬರಿಯೂದು. ಹೆಸರು ಬರಿಯಂಗಿಲ್ಲ, ನಂಬರ್ ಅಷ್ಟ. ಒಳಗ ಅಕ್ಕ ಬಿಪಿ, ಸಕ್ಕರಿ ನೋಡತಿದ್ಲು. ಆ ಮಳಿಗಾಲದಾಗ ನಾ ಸ್ವಂತ ಕಂಡ ಹಿಡದ ವಿಜ್ಞಾನ ಒಂದೈತಿ. ಪೆನ್ನು ಹಿಡಕೊಂಡು ನಿಂತಾಕಿಗಿ ಯಾರೂ ತೂಕಕ್ಕ ಹತ್ತು ಅನ್ನಂಗಿಲ್ಲ. ಎರಡು ತಿಂಗಳು ನಾ ಪೆನ್ನು ಕೆಳಗ ಇಡಲಿಲ್ಲ.

ಈಗ ಮೇಲವಂಕಿ.

ಆ ದಿನಾ ಮಳಿ ಅಂದ್ರ ಮಳಿ. ಸಾಲಿ ಪಡಸಾಲ್ಯಾಗ ಮಷೀನು ಇಟ್ಕೊಂಡು ಕುಂತೇವಿ. ಮಧ್ಯಾಹ್ನದ ತನಕ ಬಂದಾವರು ಮೂರು ಮಂದಿ. ಅದರಾಗ ಒಬ್ಬಾವ ಮಳಿಗಿ ನಿಂತಿದ್ದಾ, ಅಳತಿ ಕೊಡಾಕ ಬಂದಿರಲಿಲ್ಲ. ಅಕ್ಕ ಗಡಿಯಾರ ನೋಡತಿದ್ಲು. ನಾಕಕ್ಕ ಬಸ್ಸು. ನನಗ ಹಸಿವಿ ಆಗಿತ್ತು, ಚೂರು ಮುಗದಿದ್ವು. "ನಾ ಕರಕೊಂಡು ಬರತೇನಿ ತಡಿ," ಅಂತ ಅಕ್ಕಗ ಹೇಳಿ, ಗುಡಿ ಕಟ್ಟಿ ಮ್ಯಾಲ ಕುಂತ ಹೆಣ್ಮಕ್ಕಳ ಕಡೆ ಹ್ವಾದ್ನಿ.

"ಆಯಿ, ಸಾಲ್ಯಾಗ ತೂಕಾ ಮಾಡಾಕತ್ತಾರ. ತುಲಾಭಾರ ಇದ್ದಂಗ. ತೂಕದ ಪ್ರಕಾರ ಬೆಲ್ಲಾ ಕೊಡತಾರಂತ."

"ಯಾರು ಕೊಡತಾರ?"

"ಸರ್ಕಾರದವರು."

"ತೂಕ ಹೆಚ್ಚಿದ್ರ?"

"ಬೆಲ್ಲಾನೂ ಹೆಚ್ಚು."

ಇಷ್ಟ ನಾ ಹೇಳಿದ್ದು. ಉಳದದ್ದು ಅವರ ಬುದ್ಧಿ. ಅರ್ಧಾ ತಾಸಿನ್ಯಾಗ ಸಾಲಿ ತುಂಬಿತು. ಮಳಿ, ಥಂಡಿ, ಎಲ್ಲಾರೂ ಕಂಬಳಿ ಹೊದ್ಕೊಂಡಿದ್ರು, ಅಕ್ಕಗ ಏನೂ ಅನಿಸಲಿಲ್ಲ. ನನಗ ಅನಿಸ್ತು. ಗಂಗವ್ವಾಯಿ ಅಂತ ಒಬ್ಬಾಕಿ, ಕೋಳಿ ಮರಿಯಷ್ಟ ಮಾರಿ, ಕೆಳಗ ಮೈ ಮಾತ್ರ ಹುಲ್ಲಿನ ಬಣವಿ. ಮಷೀನಿನ ಮ್ಯಾಲ ಕಾಲಿಟ್ಟಾಗ ಉಡ್ಯಾಗ ಏನೋ ಖಡಕ್ ಅಂತು. ಅರವತ್ತೊಂದು ಕಿಲೋ ತೋರಿಸ್ತು. ಆಕಿ ಹಿಂದ ಒಬ್ಬ ಮುದಕಾ ಬಂದಾ, ಎರಡೂ ಕಿಸೆ ಜೋತುಬಿದ್ದು ಮೊಣಕಾಲಿಗಿ ಬಡಿತಿದ್ವು. ನಾ ಎಲ್ಲಾ ಬರಕೊಂಡ್ನಿ. ಟೇಪು ಸೈತ ಮೂರು ಸೀರಿ ಮ್ಯಾಲಿಂದ ಹಾಕಿದ್ನಿ. "ಬೆಲ್ಲಾ ಎಲ್ಲೈತಿ?" ಅಂತ ಕೇಳಿದವರಿಗಿ "ನಾಳೆ ಗಾಡಿ ಬರತೈತಿ" ಅಂದ್ನಿ. ನಾಕರ ಬಸ್ಸಿಗಿ ಹತ್ತಿ ಬಂದ್ವಿ. ಅಕ್ಕ ದಾರ್ಯಾಗ ನನ್ನ ಬೆನ್ನ ಚಪ್ಪರಿಸಿದ್ಲು. ನಂಗೂ ಛಲೋ ಅನಿಸ್ತು, ಸುಳ್ಳ ಯಾಕ ಹೇಳಲಿ.

ನಾಕೈದು ದಿನಾ ಆದ ಮ್ಯಾಲ ಅಕ್ಕ ಎಲ್ಲಾ ಅಂಕಿ ಲ್ಯಾಪ್‌ಟಾಪಿಗಿ ಹಾಕಿದ್ಲು. ಅದರ ಫ್ಯಾನು ಹಿಟ್ಟಿನ ಗಿರಣಿ ಹಂಗ ಒದರಾಕತ್ತಿತ್ತು. ಕರೆಂಟ್ ಹೋದ್ರ ಭಟ್ಟಿ ಇನ್ವರ್ಟರಿನ ವೈರು ಎಳದು ಕೊಡತಿದ್ನಿ. ಬ್ಯಾರೆ ಊರಾಗೆಲ್ಲಾ ಆಕಿ ಅನ್ಕೊಂಡಂಗ ಇತ್ತು. ಯಾವ ಮನ್ಯಾಗ ಮೈ ಭಾರ, ಆ ಮನ್ಯಾಗ ಸಕ್ಕರಿ, ಬಿಪಿ ಬೆನ್ನ ಹತ್ತಿದ್ವು. ಮೇಲವಂಕ್ಯಾಗ ಮಾತ್ರ ಊರಿಗೂರ ದಪ್ಪ, ಆದ್ರ ಸಕ್ಕರಿ, ಬಿಪಿ ಅಲ್ಲೊಬ್ಬರಿಗಿ ಇಲ್ಲೊಬ್ಬರಿಗಿ ಅಷ್ಟ.

"ಇದು ಹೆಂಗ?" ಅಂದ್ಲು ಅಕ್ಕ. ಮೂರು ಸಲಾ ಲೆಕ್ಕ ತಿರಗಿ ಮಾಡಿದ್ಲು. ಆಮ್ಯಾಲ ಪಿಎಚ್‌ಡಿ ಮಾಡಸೂ ಪ್ರೊಫೆಸರ್ ಸರ್‌ಗ ಫೋನ್ ಹಚ್ಚಿದ್ಲು. ಸ್ಪೀಕರ್ ಹಾಕಿದ್ಲು, ಮನಿಮಂದೆಲ್ಲಾ ಕೇಳಿದ್ವಿ. ಆ ಊರಿನ ಮಂದಿ ರಕ್ತದಾಗ ಬ್ಯಾನಿ ತಡಿಯೂ ಜೀನು ಏನರೆ ಇರಬಹುದು, ಬೊಜ್ಜಿಗೂ ಸಕ್ಕರಿಗೂ ನಡುವಿನ ಕೊಂಡಿ ಅಲ್ಲಿ ಹರದೈತಿ, ದೊಡ್ಡ ಸಂಶೋಧನಾ ಆಗತೈತಿ, ಅಂತ ಸರ್ ಭಾಳ ಮೆತ್ತಗ, ಭಾಳ ಖುಷಿಲೆ ಹೇಳಿದ್ರು.

ನಾ ಹೇಳಬೇಕಂತ ಬಾಯಿ ತಗದ್ನಿ. ಬಾಯಾಗ ಚೂರು ಇತ್ತು. ನುಂಗೂದರಾಗ ಅಪ್ಪಾ ಮಾತಾಡಿಬಿಟ್ಟಾ.

"ನಮ್ಮವ್ವನ ತವರು ಯಾವುದು?"

ಅವ್ವ ತಲಿ ಎತ್ತಿ ಅವನ ಕಡೆ ನೋಡಿದ್ಲು.

"ಮೇಲವಂಕಿ," ಅಂದಾ ಅಪ್ಪಾ. "ನಂದು ಆ ಕಡೀ ರಕ್ತ. ಎಷ್ಟರೆ ದಪ್ಪ ಇರಲಿ, ಸಕ್ಕರಿ ನಮ್ಮ ಹಂತೇಕ ಬರಂಗಿಲ್ಲ. ಇದು ನಾ ಹೇಳಿದ್ದಲ್ಲ. ಕಂಪ್ಯೂಟರ್ ಹೇಳಿದ್ದು."

"ಕಾಕಾ, ಇದು ಒಬ್ಬರ ಬಗ್ಗಿ ಹೇಳೂದಲ್ರಿ," ಅಂದ್ಲು ಅಕ್ಕ. ಆದ್ರ ಆಕಿ ದನಿಯಾಗೂ ಖುಷಿ ಇತ್ತು, ಜೋರು ಇರಲಿಲ್ಲ.

ಮರುದಿನದಿಂದ ಅಪ್ಪಾ ಹಿಮ್ಮಡಕ್ಕ ಅರಿವಿ ಸುತ್ತೂದು ಬಿಟ್ಟಾ. ಎರಡು ಮುಟಗಿ ಚೂರು ರುಚಿ ನೋಡಾಕ ಚಾಲೂ ಮಾಡಿದಾ. ಭಟ್ಟಿಗಿ ಬಂದ ಗಿರಾಕಿಗಿ ಸೈತ ತನ್ನ ರಕ್ತದ ಸುದ್ದಿ ಹೇಳತಿದ್ದಾ. ಅವ್ವ ಒಂದಿನಾ ಪಾತ್ರಿ ತಿಕ್ಕೋಂತ ಅಕ್ಕಗ ಅಂದ್ಲು. "ಹಂಗಾರ ಸೂಜಿ ಬಿಡವಾ. ಬೇಕಾಗಿಲ್ಲೇನೋ. ನಾನ ಸುಮ್ಮನ ಅಂಜಿಕೊಂಡಿದ್ನಿ." ಆಕಿ ನಕ್ಕಿದ್ದು ನೋಡಿ ಎಷ್ಟ ತಿಂಗಳ ಆಗಿತ್ತೋ. ನಾ ಅವತ್ತರೆ ಹೇಳಬೇಕಿತ್ತು. ಹೇಳಲಿಲ್ಲ. ಅಪ್ಪ ನಡದು ಹೋದ ಕಡೆ, ಭಟ್ಟಿ ಫರಸಿ ಮ್ಯಾಲ, ಒಂದೊಂದು ಕಡೆ ಹಸಿ ಕಲೆ ಬೀಳತಿತ್ತು. ಬೆಲ್ಲದ ಪಾಕ ಅಂತ ಅನ್ಕೊಂಡು ದಾಟಿ ಹೋಗತಿದ್ನಿ.

ವಾರ ಆಗಿತ್ತು. ಮಳಿ ಸ್ವಲ್ಪ ತೆರಪು ಕೊಟ್ಟಿತ್ತು. ಭಟ್ಟಿ ಬಾಗಿಲಕ್ಕ ಗಂಗವ್ವಾಯಿ ಬಂದು ನಿಂತ್ಲು. ಮೈ ಮ್ಯಾಲ ಒಂದ ಸೀರಿ, ಗುರ್ತ ಹತ್ತಲಿಲ್ಲ ನನಗ. ಕೈಯಾಗ ಒಂದು ಚೀಲ.

"ತೂಕದ ಹುಡುಗಿ ಮನಿ ಇದ ಏನಪಾ? ಕರದಂಟಿನವರ ಮಗಳಂತ ಬಸ್ಸಿನವಾ ಹೇಳಿದಾ."

"ಯಾವ ತೂಕ ಆಯಿ?" ಅಂದಾ ಅಪ್ಪಾ.

"ಸರ್ಕಾರದ ಬೆಲ್ಲದ ತೂಕ."

ಅಪ್ಪಾ ನನ್ನ ಕಡೆ ನೋಡಿದಾ. ನಾ ಕಡಾಯಿ ಕಡೆ ನೋಡಿದ್ನಿ. ಅಕ್ಕ ಲ್ಯಾಪ್‌ಟಾಪ್ ಬಿಟ್ಟು ಹೊರಗ ಬಂದ್ಲು.

"ಬೆಲ್ಲ ಬರಲಿಲ್ಲಂತ ಜಗಳಾಕ ಬಂದಿಲ್ಲಪಾ," ಅಂತ ಆಯಿ ಕಟ್ಟಿ ಮ್ಯಾಲ ಕುಂತ್ಲು. "ಮೊಮ್ಮಗಳು ಬಸರ ಅದಾಳ. ಸುಸೂತ್ರ ಆಗಲಿ, ಬರೂ ಬೆಲ್ಲ ಎಲ್ಲಾ ದೇವರಿಗಿ ಅಂತ ಮನಸಿನ್ಯಾಗ ಅನ್ಕೊಂಡು ಹತ್ತಿದ್ನಿ. ಆದ್ರ ಹತ್ತೂವಾಗ ಮೂರು ಸೀರಿ ಇದ್ವು. ಇದೂ ಇತ್ತು." ಚೀಲದಾಗ ಕೈ ಹಾಕಿ ಒಂದು ರುಬ್ಬೂ ಗುಂಡ ತಗದು ಕಟ್ಟಿ ಮ್ಯಾಲ ಇಟ್ಲು. "ಸರ್ಕಾರಕ್ಕ ಸುಳ್ಳ ಹೇಳಿದ್ರ ನಡಿತೈತಿ. ಇದು ಹರಕಿ ಆತಲ್ಲ. ನಿದ್ದಿ ಹತ್ತವಲ್ದು. ನನ್ನ ಇನ್ನೊಮ್ಮೆ ತೂಗ್ರಿ. ಹಳೇದು ಹೊಡದು ಹಾಕ್ರಿ."

ಅಕ್ಕ ಕೇಳಿದ್ಲು, ಭಾಳ ಸಾವಕಾಶ. "ನೀವೊಬ್ಬರ ಇಟ್ಕೊಂಡಿದ್ರೇನು ಆಯಿ?"

"ನಾ ಒಬ್ಬಾಕಿ ಯಾಕ? ಓಣಿಗೋಣಿ. ಕಲ್ಲ ಸಾಲಲಾರದ್ದಕ್ಕ ಬೀಗರ ಮನಿಯಿಂದ ತಂದೇವಿ."

ಅಪ್ಪಾ ಎದ್ದು ಬೆಲ್ಲ ತೂಗೂ ಕಾಟಾ ಒರಸಿ, ಆಯಿನ್ನ ಕೈ ಹಿಡದು ಹತ್ತಿಸಿದಾ. ಮೂವತ್ತೆಂಟು. ಅಷ್ಟೂ ಬೆಲ್ಲ ಚೀಲಕ್ಕ ಹಾಕಾಕ ಹ್ವಾದಾ. ಆಯಿ ಬ್ಯಾಡ ಅಂದ್ಲು. "ಯಾರು ಹೊರತಾರ ಅದನ್ನ? ಒಂದು ಪೆಂಟಿ ಕೊಡು. ಖರೆ ತೂಕ ದೇವರಿಗಿ ಗೊತ್ತಾತಲ್ಲ, ಸಾಕು." ಇಳಿಯೂವಾಗ ಅಪ್ಪನ್ನ ಮ್ಯಾಲಿಂದ ಕೆಳಗಿನ ತನಕ ನೋಡಿ, "ನೀ ಎಷ್ಟ ತೂಗತಿಯೋ ತಮ್ಮಾ?" ಅಂದ್ಲು.

"ನನ್ನ ತೂಕಕ್ಕ ಬೆಲ್ಲ ಎಲ್ಲಿಂದ ತರಲಿ ಆಯಿ," ಅಂತ ನಕ್ಕಾ ಅಪ್ಪಾ. ಆಕಿ ನಗಲಿಲ್ಲ. ಅವನ ಹಿಮ್ಮಡ ನೋಡಾಕತ್ತಿದ್ಲು.

ಅಕ್ಕ ನನಗ ಬೈತಾಳ ಅಂತ ನಾ ತಯಾರಾಗಿ ನಿಂತಿದ್ನಿ. ಬೈಲಿಲ್ಲ. ಲ್ಯಾಪ್‌ಟಾಪ್ ತಗದು ಮೇಲವಂಕಿ ಸಾಲು ಎಲ್ಲಾ ಆರಿಸಿ ಅಳಿಸಿದ್ಲು. ಸರ್‌ಗ ಫೋನ್ ಮಾಡಿದ್ಲು. "ಸರ್, ಮೇಲವಂಕಿದು ಇಲ್ರಿ. ಕಲ್ಲ ಇದ್ವು." ಫೋನ್ ಇಟ್ಟು ನನಗ ಒಂದ ಮಾತು ಅಂದ್ಲು.

"ಅಷ್ಟ ಮಂದಿ ಜೀನು ಹೊಂದಿಸಿ ಆ ಕೊಂಡಿ ಕಾಣಾಕ ನನಗ ಎರಡು ವರ್ಷ ಹಿಡಿತು ಪಲ್ಲು. ನೀ ಒಂದು ಮಧ್ಯಾಹ್ನದಾಗ ಬಿಚ್ಚಿಬಿಟ್ಟಿ."

ಮುಂದಿನ ಸೋಮವಾರ ಮೇಲವಂಕ್ಯಾಗ ಮತ್ತ ತೂಕ ಆತು. ಅಪ್ಪಾನ ಗಾಡಿ ಹೊಡಕೊಂಡು ಬಂದಾ. ತನ್ನ ಕಾಟಾ, ತನ್ನ ಬೆಲ್ಲ. ಕಂಬಳಿ ಹೊರಗ, ಒಂದ ಸೀರಿ, ಕಿಸೆ ಖಾಲಿ, ಹಿಂಗ ಕಾನೂನು ಮಾಡಿದಾ. ಎಲ್ಲಾರಿಗೂ ಒಂದೊಂದು ಹಳಕ ಬೆಲ್ಲ, ದಪ್ಪ ಇರಲಿ ತೆಳ್ಳಗ ಇರಲಿ. "ನಮ್ಮ ಹುಡುಗಿ ಮಾತು ಕೊಟ್ಟಾಳ," ಅಂತ ಒಬ್ಬೊಬ್ಬರಿಗೂ ಹೇಳಿ ಕೊಟ್ಟಾ. ನಾ ಬಾಜೂಕ ನಿಂತು ಬರದ್ನಿ. ಅಷ್ಟೂ ಸಲಾ ಆ ಮಾತು ಕೇಳಿದ್ನಿ. ಅದಕ್ಕಿಂತ ಎರಡು ಬಾರಿಸಿದ್ರ ಛಲೋ ಇತ್ತು.

ಹೊಸಾ ಅಂಕಿ ಹಾಕಿದ ಮ್ಯಾಲ ಮೇಲವಂಕಿ ಬ್ಯಾರೆ ಊರಂಗ ಆತು. ಭಾರ ಇದ್ದ ಮನ್ಯಾಗ ಸಕ್ಕರಿನೂ ಇತ್ತು, ಬಿಪಿನೂ ಇತ್ತು. ತಡಿಯೂ ಜೀನು ಎಲ್ಲೂ ಇರಲಿಲ್ಲ. ಅಪ್ಪಗ ಯಾರೂ ಇದನ್ನ ಹೇಳಲಿಲ್ಲ, ಅವನೂ ಕೇಳಲಿಲ್ಲ. ಹಿಮ್ಮಡಕ್ಕ ಅರಿವಿ ಮತ್ತ ಬಂತು. ಅವ್ವನ ನಗಿ ಹೋತು. ಆಕಿ ಮತ್ತ ಸೂಜಿ ಮಾತು ತಗದ್ಲು, ಅಪ್ಪಾ ಭಟ್ಟಿಗಿ ಎದ್ದು ಹೋದಾ.

ಅಕ್ಕ ಮೂಡಲಗಿಗಿ ಹೋಗೂ ದಿನಾ ಬಂತು. ಮಧ್ಯಾಹ್ನ. ಚೀಲ ಕಟ್ಟಿದ್ಲು, ಮಷೀನುಗಳು ಇನ್ನೂ ಹೊರಗ ಇದ್ವು. ಮನಿ ಸಪ್ಪಗ ಇತ್ತು. ಅದಕ್ಕ ನಾ ಅಂದ್ನಿ, ನಗಸ್ತೇನಿ. ಪಡಸಾಲ್ಯಾಗ ತೂಕದ ಮಷೀನು ಇಟ್ಟು ಒಬ್ಬೊಬ್ಬರದ ನಕಲು ಮಾಡಾಕತ್ನಿ. ಕೌಜಲಗಿ ಮಾಸ್ತರು ಅಡಕಿ ಉಗುಳಿ ಹತ್ತಿದ್ದು. ನಾಗನೂರಿನ ಅತ್ತಿ. ಕಿಸೆ ಜೋತುಬಿದ್ದ ಮುದಕಾ. ಮಷೀನಿನ ಮ್ಯಾಲ ಖರೇನ ಹತ್ತತಿರಲಿಲ್ಲ, ಬಾಜೂಕ ನಿಂತು ಹತ್ತಿದಂಗ ಮಾಡತಿದ್ನಿ. ಅಕ್ಕ ನಕ್ಕು ನಕ್ಕು ಕುಂತ್ಲು. ಅವ್ವನೂ ಸೆರಗು ಬಾಯಿಗಿ ಹಚ್ಕೊಂಡ್ಲು. ನನಗ ಹುರುಪು ಬಂತು. ತಲಿದಿಂಬು ಅಂಗ್ಯಾಗ ತುರಕ್ಕೊಂಡು, ಎರಡೂ ಕೈ ಅದರ ಮ್ಯಾಲ ಇಟ್ಕೊಂಡು, ಒಂದು ಕಾಲು ಕುಂಟಕೋತ ಬಂದ್ನಿ.

"ರಕ್ತದಾಗ ಬಂದದ್ದು," ಅಂದ್ನಿ, ದನಿ ದಪ್ಪ ಮಾಡಿ. "ಕಂಪ್ಯೂಟರ್ ಹೇಳಿದ್ದು. ನಮ್ಮ ಹಂತೇಕ ಬರಂಗಿಲ್ಲ."

ಯಾರೂ ನಗಲಿಲ್ಲ. ಪಡಸಾಲ್ಯಾಗ ಕತ್ತಲಿ ಆತು. ಕರೆಂಟ್ ಹೋತು ಅಂತ ಅನ್ಕೊಂಡ್ನಿ.

ಬಾಗಿಲದಾಗ ಅಪ್ಪಾ ನಿಂತಿದ್ದಾ.

ಒಳಗ ಬಂದಾ. ನನ್ನ ಅಂಗ್ಯಾಗಿಂದ ತಲಿದಿಂಬು ಎಳದು ತಗದು, ಎರಡು ಸಲಾ ಬಡದು ಸರಿ ಮಾಡಿ, ಹೊರಸಿನ ಮ್ಯಾಲ ಇಟ್ಟಾ. "ಛಲೋ ಮಾಡಿದಿ," ಅಂದಾ. "ನಾ ಹತ್ತೂದು ಹಂಗ ಇರತೈತಿ. ಈಗ ನೀ ಹತ್ತೂದು ಮಾಡಿ ತೋರಿಸು."

"ನಾ ಬರಿಯಾಕಿ ಅಪ್ಪಾ."

"ಪೆನ್ನು ಇಲ್ಲೆ ಕೊಡು."

ಕೊಟ್ನಿ. ಅವಾ ವಹಿ ತಗೊಂಡು ನೆಲದ ಮ್ಯಾಲ ಕುಂತಾ. "ಈ ಮನ್ಯಾಗ ತೂಕಕ್ಕ ಹತ್ತಲಾರದವರು ಇಬ್ಬರ ಇದ್ದೇವಿ. ಎರಡು ತಿಂಗಳು ನೋಡೇನಿ ನಾ. ಊರಿಗೂರು ಹತ್ತಿಸಿದಿ, ನೀ ಹತ್ತಲಿಲ್ಲ. ನೀ ಹತ್ತಿ ಇಳಿ, ನಾನೂ ಹತ್ತತೇನಿ. ಬೆರಳೂ ಕೊಡತೇನಿ. ನೀ ಒಲ್ಲೆ ಅಂದ್ರ ಪ್ರತಿಭಾ ಬಸ್ಸು ಹಿಡೀಲಿ."

ಅವ್ವ ನನ್ನ ಮಾರಿ ನೋಡಿದ್ಲು. ಆಕಿ ಕೈ ಸೂಜಿ ಡಬ್ಬಿ ಮ್ಯಾಲ ಇತ್ತು.

ಓಢನಿ ತಗದಿಟ್ನಿ. ಕ್ಲಿಪ್ಪು ತಗದ್ನಿ. ಕಿಸೆದಾಗಿಂದ ಮೂರು ಚೂರು ಕರದಂಟು ತಗದು ಟೇಬಲ್ ಮ್ಯಾಲ ಇಟ್ನಿ. ಅಪ್ಪಾ ಅವನ್ನ ನೋಡಿದಾ. ಹತ್ತಿದ್ನಿ. ಅಂಕಿ ಇಲ್ಲಿ ಬರಿಯಂಗಿಲ್ಲ. ಗಂಗವ್ವಾಯಿ ಮೂರು ಸೀರಿ ಉಟ್ಟು, ಗುಂಡ ಇಟ್ಕೊಂಡ್ರೂ ನನ್ನ ಹಂತೇಕ ಬರಂಗಿಲ್ಲ, ಅಷ್ಟ ಹೇಳತೇನಿ.

ಅಪ್ಪಾ ಓದಿ ಹೇಳಲಿಲ್ಲ. ಬರದು, ಅದರ ಮ್ಯಾಲ ಕೈ ಇಟ್ಕೊಂಡು, ಪೆನ್ನು ನನಗ ಕೊಟ್ಟಾ. ಟೊಪಗಿ ತಗದಾ. ಉಡದಾರದಾಗಿನ ಕೀಲಿ ಗೊಂಚಲಾ ಬಿಚ್ಚಿ ಅವ್ವನ ಕೈಯಾಗ ಇಟ್ಟಾ. ಎಂಟು ವರ್ಷದ ಹುಡುಗ ತಕ್ಕಡಿ ಹತ್ತೂವಾಗ ಹೆಂಗ ಹತ್ತತಾನೋ ಹಂಗ, ಕಣ್ಣ ಮುಚ್ಕೊಂಡು ಹತ್ತಿದಾ. ನಾ ಬರದ್ನಿ. ಇಳದು ಅಕ್ಕನ ಮುಂದ ಬೆರಳು ಚಾಚಿದಾ. ಮಷೀನು ಐದು, ನಾಕು, ಮೂರು ಅಂತ ಎಣಸಾಕತ್ತಿತು.

"ಇದು ರಕ್ತದಾಗ ಬಂದದ್ದೋ, ಪರಾತದಾಗ ಬಂದದ್ದೋ?" ಅಂದಾ.

"ಒಬ್ಬರಿಗಿ ಹೇಳಾಕ ಬರಂಗಿಲ್ರಿ ಕಾಕಾ." ಅಕ್ಕ ಅಂಕಿ ಎರಡು ಸಲಾ ನೋಡಿದ್ಲು. "ಬಸ್ಸು ನಾಳೆ ಹಿಡಿತೇನಿ. ಈಗ ಡಾಕ್ಟರ್ ಕಡೆ ಹೋಗೂನು. ಕಾಲು ಮದಲ ತೋರಸ್ಬೇಕು."

ಅಪ್ಪಾ ತಲಿ ಅಲ್ಲಾಡಿಸಿದಾ. ಟೇಬಲ್ ಮ್ಯಾಲಿನ ಮೂರು ಚೂರು ಎತ್ಕೊಂಡಾ. ತಿಂತಾನ ಅಂತ ನೋಡಿದ್ನಿ. ಹಾಳ್ಯಾಗ ಸುತ್ತಿ ಅಕ್ಕನ ಚೀಲದಾಗ ಹಾಕಿದಾ.

"ಪಲ್ಲವ್ವಾ," ಅಂದಾ, ಚಪ್ಪಲಿ ಹುಡಕೋತ. "ಅಂಚಿನ ಚೂರಿನ ನೌಕರಿ ಇವತ್ತಿಗಿ ಮುಗೀತು. ನಿಂದೂ, ನಂದೂ."